ವಿಯೆನ್ನಾದ ಉಣುಗು, ಮಲೆನಾಡಿನ ಉಣುಗು

ಚಳಿ ಬಿಟ್ಟಿತೆಂದರೆ ವಿಯೆನ್ನಾದ ಔಷಧಿ ಅಂಗಡಿಗಳಲ್ಲಿ ರಕ್ತ ಹೀರುವ ಪುಟ್ಟ ಜೀವಿ ಉಣುಗಿನ ದೊಡ್ಡ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಕಾಡು ಸುತ್ತುವ ಮುನ್ನ ಲಸಿಕೆ ಹಾಕಿಸಿಕೊಳ್ಳಿ ಎಂಬ ಜಾಹೀರಾತು. ನಾನಿನ್ನೂ ಹಾಕಿಸಿಕೊಂಡಿಲ್ಲ ಎಂದಾಗ ಕಚೇರಿಯ ಸಹೋದ್ಯೋಗಿ ಕಣ್ಣರಳಿಸಿ, "ನಿಮ್ಮ ಕಡೆ ಉಣುಗು ಇಲ್ಲವೇ?" ಎಂದಳು. ಮಲೆನಾಡಿನ ಸಾಗರ ತಾಲ್ಲೂಕಿನ ಕಡೆಯವನಿಗೆ ಈ ಪ್ರಶ್ನೆ!

ಇಲ್ಲಿನ ಉಣುಗು ತರುವ ಮಿದುಳು ಜ್ವರದ ವೈರಸ್ಸೂ ಉಣುಗೇ ಹರಡುವ ನಮ್ಮ ಮಂಗನ ಕಾಯಿಲೆಯದೂ ಒಂದೇ ಬಳಗದವು. ಆಸ್ಟ್ರಿಯಾದವರು ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯದ ನೆರವು ಪಡೆದು 1970ರ ದಶಕದಲ್ಲೇ ಲಸಿಕೆ ಮಾಡಿಕೊಂಡರು. 1981ರಿಂದ ದೇಶದ ತುಂಬ ಅಭಿಯಾನ ನಡೆಸಿದರು. ವರ್ಷಕ್ಕೆ ನೂರಾರು ಜನರನ್ನು ಮಲಗಿಸುತ್ತಿದ್ದ ರೋಗ ಹಿಡಿತಕ್ಕೆ ಬಂತು.

ನಮ್ಮದು 1957ರಲ್ಲೇ ಪತ್ತೆಯಾದದ್ದು. ಸೊರಬದ ಕ್ಯಾಸನೂರು ಕಾಡಿನ ಹೆಸರು ವೈದ್ಯಲೋಕವನ್ನೆಲ್ಲ ಸುತ್ತಿತು. ಅಪಾಯಕಾರಿ ಸೂಕ್ಷ್ಮಾಣುಗಳೆಂದು ಅಮೆರಿಕ ಕಾವಲಿಟ್ಟಿರುವ ಪಟ್ಟಿಯಲ್ಲೂ ಇದೆ. ರಾಕ್‌ಫೆಲರ್ ಪ್ರತಿಷ್ಠಾನ ಕೈಜೋಡಿಸಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ನಮ್ಮವರ ರಕ್ತ, ಸತ್ತ ಮಂಗ, ಕಾಡಿನ ಉಣುಗು ಎಲ್ಲವೂ ಹೋದವು. ರಷ್ಯಾದ ಉಣುಗು ಜ್ವರಕ್ಕೆಂದು ತಯಾರಾಗಿದ್ದ ಲಸಿಕೆಯನ್ನು ಮೊದಲ ವರ್ಷಗಳಲ್ಲೇ ನಮ್ಮ ಹಳ್ಳಿಗರಿಗೆ ಚುಚ್ಚಿ ನೋಡಿದರು. ಫಲ ಸಿಗಲಿಲ್ಲ. ಆಮೇಲೆ ನಮ್ಮದೇ ಲಸಿಕೆ ಬಂತು: ತಿಂಗಳ ಅಂತರದಲ್ಲಿ ಎರಡು ಸಲ, ಕೆಲವು ತಿಂಗಳು ಬಿಟ್ಟು ಇನ್ನೊಂದು, ಮತ್ತೆ ವರ್ಷವರ್ಷವೂ. ಅದರಲ್ಲೂ ಸತ್ವವಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಅದಕ್ಕೂ ಮೊದಲೇ, 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡಿನ ಮನೆಗಳು ಸಾವು ಕಂಡಿದ್ದವು. ಈಗ ಕಾಡಿನಲ್ಲಿ ದರಕು (ಒಣ ಎಲೆ) ಗುಡಿಸಲು ಹೊರಟವರ ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆಯೇ ಗತಿ.

ಸೂಜಿಗೆ ತೋಳೊಡ್ಡುವಾಗ ನಮ್ಮ ಹಳ್ಳಿಯೇ ಮುಂದು, ಫಲ ಹಂಚುವಾಗ ಅದರ ನೆನಪು ಯಾರಿಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2025ರ ಮೇ ತಿಂಗಳಲ್ಲಿ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದಾಗ ನನಗೂ ಖುಷಿಯಾಗಿತ್ತು. ರೋಗಾಣುವಿನ ಮಾದರಿ ಹಂಚಿಕೊಂಡರೆ ಲಸಿಕೆ, ಔಷಧಿಗಳಲ್ಲೂ ಪಾಲು ಸಿಗಬೇಕೆಂಬ ವಿಚಾರ ಅದರಲ್ಲಿದೆ. ಆದರೆ ಅದು ಜಗತ್ತನ್ನೇ ನಡುಗಿಸುವ ರೋಗಗಳ ಮಾತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ವಿಮಾನ ಹತ್ತುವುದಿಲ್ಲ. ಅದಕ್ಕೆ ಹೆದರುವ ಶ್ರೀಮಂತ ದೇಶ ಒಂದೂ ಇಲ್ಲ.

ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಲಾಗದು ಅನ್ನಿ. ಪುಣೆಯ ಪ್ರಯೋಗಾಲಯದ ಸಿಬ್ಬಂದಿಗೂ ಈ ಜ್ವರ ತಗುಲಿತ್ತು. ಅಪಾಯ ಬರೀ ಹಳ್ಳಿಯ ಪಾಲಾಗಿರಲಿಲ್ಲ. ವಿಯೆನ್ನಾದವರು ಕೈಯಿಂದ ದುಡ್ಡು ಕೊಟ್ಟು, ಐದು ವರ್ಷಕ್ಕೊಮ್ಮೆ ನೆನಪಿಟ್ಟು ಚುಚ್ಚಿಸಿಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪ ಪುಕ್ಕಟೆ ಲಸಿಕೆಯ ಎರಡನೆಯ ಸರದಿಗೇ ತೋಳು ನೋಯುತ್ತದೆಂದು ತೋಟ ಸೇರಿಕೊಂಡಿದ್ದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಗೆ ಕೈ ಹಾಕಿವೆ. ಅದು ಗೆದ್ದರೆ ಪ್ರಯೋಗಕ್ಕೆ ತೋಳೊಡ್ಡಿದ ಊರುಗಳಿಗೇ ಮೊದಲು, ಅದೂ ಉಚಿತವಾಗಿ, ಎಂದು ಸಹಿ ಹಾಕಿಸುವ ಕಾಗದದಲ್ಲೇ ಬರೆದು ಕೊಡಲಿ. ಚಿಕ್ಕಪ್ಪನನ್ನು ತೋಟದಿಂದ ಕರೆತರುವ ಕೆಲಸ ನಮಗಿರಲಿ.