ವಾರಂಟಿ ಇದೆ ಸರ್, ರೋಡಿಗೆ ಇಳಿಸ್ಬೇಡಿ

ಹೊಸ ಕಾರು ತಗೊಂಡ ದಿನ ಶೋರೂಮಿನವರು ಕೊಟ್ಟ ಮರ್ಯಾದೆ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ಕಾರಿಗೆ ಕೆಂಪು ಬಟ್ಟೆ ಹೊದಿಸಿದ್ದರು. ಬಾಗಿಲಿನ ಅಗಲದ ರಟ್ಟಿನ ಕೀ ಕೈಗೆ ಕೊಟ್ಟು ಫೋಟೋ ತೆಗೆದರು. ಕೇಕ್ ಕತ್ತರಿಸಿದೆವು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, "ಮೆಲ್ಲಗೆ ಮುಂದಕ್ಕೆ ತಗೊಳ್ಳಿ ಸರ್" ಎಂದರು. ಪಚಕ್ ಎಂದಿತು. ಈಗ ಯೋಚಿಸಿದರೆ ಆ ಕಾರು ತನ್ನ ಜೀವನದಲ್ಲಿ ಹತ್ತಿಳಿದ ಅತಿ ಚಿಕ್ಕ ಹಂಪ್ ಅದೇ.

ವಾರಂಟಿ ಪುಸ್ತಕ ಅವತ್ತೇ ಕೊಟ್ಟರು. "3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು." ನಾವಿರುವುದು ಬೆಂಗಳೂರಿನ ವರ್ತೂರಿನ ಕಡೆ. ನಮ್ಮ ವಿಷಯದಲ್ಲಿ ಮೊದಲು ಬಂದಿದ್ದು ಗುಂಡಿ.

ಹದಿನಾಲ್ಕನೇ ತಿಂಗಳಿಗೆ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಎಂಬ ಶಬ್ದ ಶುರುವಾಯಿತು. ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಕುತ್ತಿಗೆಗೆ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್ ಹಿಡಿದ ಸರ್ವಿಸ್ ಅಡ್ವೈಸರ್ ಹುಡುಗ ಬಂದ. "ಬನ್ನಿ ಸರ್, ಒಂದು ರೌಂಡ್ ಹೋಗಿ ಬರೋಣ" ಎಂದ. ಎಸಿ ಆಫ್ ಮಾಡಿದ, ರೇಡಿಯೋ ಆಫ್ ಮಾಡಿದ, ಗಾಜು ಏರಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಓಡಿಸಿದ್ದೆಲ್ಲಿ? ಅವರದೇ ಕಾಂಪೌಂಡಿನ ಒಳಗೆ, ಕನ್ನಡಿಯಂಥ ಕಾಂಕ್ರೀಟ್ ಮೇಲೆ. ಕಾರು ಪೂಜೆಗೆ ಕೂತ ಮಗುವಿನ ಹಾಗೆ ಗಪ್‌ಚಿಪ್. ದಾರಿಯುದ್ದಕ್ಕೂ ಕೆಮ್ಮಿದ ಮಗ ಡಾಕ್ಟರ ಮುಂದೆ ಗುಂಡುಕಲ್ಲಿನ ಹಾಗೆ ನಿಲ್ಲುತ್ತಾನಲ್ಲ, ಹಾಗೆ.

"ಹೊರಗೆ ರೋಡಲ್ಲಿ ಓಡಿಸಿ ನೋಡಿ" ಎಂದೆ.

"ಹೊರಗೆ ರೋಡ್ ಸರಿ ಇಲ್ಲ ಸರ್, ಸೌಂಡ್ ಬರುತ್ತೆ" ಎಂದ.

ಸೌಂಡ್ ಕೇಳಿಸಲೆಂದೇ ಬಂದಿದ್ದೇನೆ ಎಂದು ಅವನಿಗೆ ಅರ್ಥ ಮಾಡಿಸಲು ಒಂದು ಲೋಟ ಮಷಿನ್ ಕಾಫಿಯಷ್ಟು ಹೊತ್ತು ಬೇಕಾಯಿತು. ಕೊನೆಗೂ ಹೊರಗೆ ಬಂದ. ಮೊದಲ ಹಂಪ್‌ಗೇ ಟಕ್ ಎಂದಿತು. "ಓ, ಇದಾ! ಇದು ನಾರ್ಮಲ್ ಸರ್. ಈ ಮಾಡೆಲ್‌ನಲ್ಲಿ ಇರುತ್ತೆ." ಹೀಗೆ ಒಂದೇ ಕಿಲೋಮೀಟರಿನಲ್ಲಿ ನನ್ನ ಶಬ್ದ 'ಇಲ್ಲ' ಎಂಬುದರಿಂದ 'ಎಲ್ಲರಿಗೂ ಇದೆ' ಎಂಬುದಕ್ಕೆ ಬಡ್ತಿ ಪಡೆಯಿತು.

ಇಷ್ಟಾದರೂ ಜಾಬ್ ಕಾರ್ಡ್ ಖಾಲಿ ಇರಲಿಲ್ಲ. ಇವ್ಯಾಪರೇಟರ್ ಕ್ಲೀನಿಂಗ್ ಮಾಡಿಸಬೇಕಂತೆ. ಥ್ರಾಟಲ್ ಬಾಡಿ ಕ್ಲೀನಿಂಗ್. ಇಂಜಿನ್ ಡ್ರೆಸಿಂಗ್. ಕಾರೊಳಗಿನ ಕ್ರಿಮಿಗಳಿಗೆ ಹೊಗೆ. ನಾನು ಹೇಳದ ನಾಲ್ಕು ಕಾಯಿಲೆ ಅವನಿಗೆ ಬಾನೆಟ್ ಎತ್ತುವ ಮೊದಲೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಿದ ಒಂದು ಮಾತ್ರ ಪತ್ತೆಯಾಗಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಕಾರನ್ನು ಲಿಫ್ಟ್ ಮೇಲೆ ಎತ್ತಿದರು, ಫೋಟೋ ತೆಗೆದು ಕಂಪನಿಗೆ ಕಳಿಸಿದರು. ಅಪ್ರೂವಲ್ ಬರಬೇಕಂತೆ. ಸೋಮವಾರ ಕೇಳಿದರೆ ಬುಧವಾರ, ಬುಧವಾರ ಕೇಳಿದರೆ ಆ ಹುಡುಗ ರಜೆ. ಹನ್ನೊಂದನೇ ದಿನಕ್ಕೆ ಉತ್ತರ ಬಂತು. ಚಕ್ರದ ಸಸ್ಪೆನ್ಷನ್ನಿನ ಲಿಂಕ್ ರಾಡ್ ಮತ್ತು ಬುಶ್ ಹೋಗಿರುವುದು ನಿಜ, ಆದರೆ ವಾರಂಟಿ ಇಲ್ಲ. ಕಾರಣ, ರೋಡ್ ಕಂಡಿಷನ್.

"ಅಂದ್ರೆ?"

"ಗಾಡಿಯಲ್ಲಿ ಏನೂ ತೊಂದ್ರೆ ಇಲ್ಲ ಸರ್. ನೀವು ಓಡಿಸಿರೋ ರೋಡ್ ಪ್ರಾಬ್ಲಂ."

"ಮತ್ತೆ ಎಲ್ಲಿ ಓಡಿಸ್ಬೇಕಿತ್ತಪ್ಪಾ?"

ಪಾಪ, ಅವನು ನಿಜವಾಗಿಯೂ ಯೋಚಿಸಿದ. "ಹೈವೇನಲ್ಲಿ ಸರ್" ಎಂದ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರು ತಗೊಂಡರೆ ಆಜೀವ ತೆರಿಗೆ ಶೇ 14, ಮೇಲೆ ಸೆಸ್ ಬೇರೆ. 9 ಲಕ್ಷ ಚಿಲ್ಲರೆ ಕಾರಿಗೆ ನಾನು ಕಟ್ಟಿದ್ದು 1 ಲಕ್ಷ 30 ಸಾವಿರಕ್ಕೂ ಜಾಸ್ತಿ. ಜನ ಇದಕ್ಕೆ ರೋಡ್ ಟ್ಯಾಕ್ಸ್ ಅಂತಾರೆ. ಅಂದರೆ ರಸ್ತೆಯ ದುಡ್ಡು ಸರ್ಕಾರಕ್ಕೆ, ಕಾರಿನ ದುಡ್ಡು ಕಂಪನಿಗೆ, ಲಿಂಕ್ ರಾಡ್ ನನಗೆ. ರಸ್ತೆ ಹಾಳಾಗಿದೆ ಎಂದು ಕಾರ್ಪೊರೇಷನ್ನಿನವರನ್ನು ಕೇಳಿದರೆ ಗಾಡಿಗಳು ಜಾಸ್ತಿಯಾಗಿವೆ ಅಂತಾರೆ. ಗಾಡಿ ಹಾಳಾಗಿದೆ ಎಂದು ಕಂಪನಿಯವರನ್ನು ಕೇಳಿದರೆ ರಸ್ತೆ ಅಂತಾರೆ. ಇಬ್ಬರೂ ಒಂದು ದಿನ ಎದುರುಬದುರು ಕೂತು ಮಾತಾಡಲಿ ಅಂದರೆ, ಅಲ್ಲಿಗೆ ಹೋಗಲು ರಸ್ತೆ ಬೇಕಲ್ಲ.

ಹಂಪ್‌ಗೂ ಒಂದು ಅಳತೆ ಇದೆ ಗೊತ್ತಾ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಅದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯ ಹಂಪ್ ಅಗಲದಲ್ಲಿ ಮಲಗಿದ ನಾಯಿಯಷ್ಟಿದೆ, ಎತ್ತರದಲ್ಲಿ ಎದ್ದು ಕೂತ ನಾಯಿಯಷ್ಟಿದೆ. ಮೇಲೆ ಬಿಳಿ ಪಟ್ಟಿ ಇಲ್ಲದ್ದರಿಂದ ರಾತ್ರಿ ನಾಯಿಯಾದರೂ ಕಾಣುತ್ತದೆ, ಹಂಪ್ ಕಾಣುವುದಿಲ್ಲ.

ಬೇಸತ್ತು ನಮ್ಮ ರಸ್ತೆ ಮೂಲೆಯ ಗ್ಯಾರೇಜಿಗೆ ಹೋದೆ. ಭಾಯ್ ಬೀಡಿ ಪಕ್ಕಕ್ಕಿಟ್ಟು, ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದರು. ಕೈಯಲ್ಲೇ ರಾಡ್ ಹಿಡಿದು ಅಲ್ಲಾಡಿಸಿದರು. ಟಕ್ ಟಕ್! ಕಂಪನಿಗೆ ಹನ್ನೊಂದು ದಿನ ಹಿಡಿದದ್ದು ಭಾಯ್‌ಗೆ ಹನ್ನೊಂದು ಸೆಕೆಂಡ್ ಹಿಡಿಯಲಿಲ್ಲ. ಆದರೆ ಸ್ಪ್ಯಾನರ್ ಮುಟ್ಟಲಿಲ್ಲ. "ನಾನು ಬಿಚ್ಚಿದ್ರೆ ನಿಮ್ ವಾರಂಟಿ ಹೋಗುತ್ತೆ ಸರ್" ಎಂದು ಎದ್ದು ಕೈ ಒರೆಸಿಕೊಂಡರು. ಇಲ್ಲದ ವಾರಂಟಿಯನ್ನು ಇಷ್ಟು ಕಾಳಜಿಯಿಂದ ಕಾಪಾಡಿದ ಮನುಷ್ಯ ಇಡೀ ಕಥೆಯಲ್ಲಿ ಇವರೊಬ್ಬರೇ.

ಈ ಹೆದರಿಕೆ ಇವತ್ತಿನದಲ್ಲ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವುದನ್ನೂ ಅದು ಒಪ್ಪಿರಲಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು. ಅಲ್ಲಿಗೆ ಹೋಗುವ ರಸ್ತೆ ಮಾತ್ರ ಚೆನ್ನಾಗಿತ್ತು ಅನ್ನಿಸುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗು ಎಂದು ಭಾವ ಸಲಹೆ ಕೊಟ್ಟರು. ನನ್ನ ಕಾರಿನ ಬೆಲೆಗೆ ಶುಲ್ಕ ಬರೀ 200 ರೂಪಾಯಿ. ಕ್ರಿಮಿಗಳಿಗೆ ಹಾಕುವ ಹೊಗೆಗಿಂತ ಅಗ್ಗ. ಕಾಯ್ದೆ ಪ್ರಕಾರ ಸಾಧ್ಯವಾದಷ್ಟೂ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ. ಆ 'ಸಾಧ್ಯವಾದಷ್ಟೂ' ಎಂಬ ಪದ ನೋಡಿದಾಗ ನನಗೆ ಯಾಕೋ ಸರ್ವಿಸ್ ಅಡ್ವೈಸರ್ ಮುಖ ನೆನಪಾಯಿತು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ.

ಮರುದಿನವೇ ಅಡ್ವೈಸರ್ ಫೋನ್. ಜೇನು ಸುರಿಯುತ್ತಿತ್ತು. "ಸರ್, ಗುಡ್‌ವಿಲ್‌ನಲ್ಲಿ ಪಾರ್ಟ್ ಮೇಲೆ ಡಿಸ್ಕೌಂಟ್ ಮಾಡಿಸ್ತೀನಿ. ಪಾರ್ಟ್ ಬಂದ್ಮೇಲೆ ಹೇಳ್ತೀನಿ. ಅಷ್ಟರಲ್ಲಿ ಕಂಪನಿಯಿಂದ ನಿಮ್ಗೆ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು 10 ಅಂತ ಹೇಳಿ ಸರ್. 9 ಅಂದ್ರೂ ನಂಗೆ ಇನ್ಸೆಂಟಿವ್ ಕಟ್."

"ಶಬ್ದ ಹಾಗೇ ಇದೆಯಲ್ಲಪ್ಪಾ?"

"ಅದನ್ನ ಅವ್ರು ಕೇಳಲ್ಲ ಸರ್."

ಕಾಲ್ ಬಂತು. ಹೆಂಡತಿ ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಫೋನ್ ಕಾರಿನ ಸ್ಪೀಕರಿಗೆ ಸಿಕ್ಕಿಕೊಂಡಿತು. "ಸರ್, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?" ಎಂದು ಹುಡುಗಿ ಕೇಳುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ಹಂಪ್ ಬಂತು.

ಟಕ್. ಟಕ್.

"ಸರ್, ನಿಮ್ಮ ಕಡೆಯಿಂದ ಏನೋ ಸೌಂಡ್ ಬರ್ತಾ ಇದೆ" ಎಂದಳು.

"ನಿಮಗೆ ಕೇಳಿಸ್ತಾ?" ನಾನು ಸೀಟಿನಲ್ಲೇ ಎದ್ದು ಕೂತೆ. "ಇನ್ನೊಂದ್ಸಲ ಹೇಳಿ, ಕೇಳಿಸ್ತಾ?"

"ಹೌದು ಸರ್, ಟಕ್ ಟಕ್ ಅಂತ. ಲೈನ್ ಪ್ರಾಬ್ಲಂ ಇರ್ಬೇಕು. ಹತ್ತು ಅಂತ ಹಾಕ್ಕೊಳ್ಲಾ ಸರ್?"