ಎಂಟು ನಾಟ್ ಅಂದದ್ದು ಯಾರು, ಯಾವಾಗ, ಎಲ್ಲಿಯ ಗಾಳಿಗೆ?

ನಿನ್ನೆ ಕಾರವಾರದ ದಡದಲ್ಲಿ ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದೂವರೆ ಇರಬಹುದು. ಬೆಳಗಿನ ಮೂಡುಗಾಳಿ ನಿಂತು ನೀರು ಎಣ್ಣೆ ಸುರಿದ ಹಾಗಿತ್ತು. ಒಬ್ಬ ಹುಡುಗ ಸಣ್ಣ ಹಾಯಿದೋಣಿ ಇಳಿಸುತ್ತಿದ್ದ. ಜೊತೆಗೆ ತಂಗಿ, ಇನ್ನೂ ಹೈಸ್ಕೂಲು ಇರಬೇಕು. ಕೂರ್ಮಗಡ ದ್ವೀಪದ ಆಚೆ ನೀರಿನ ಮೇಲೆ ಕಪ್ಪು ಗೆರೆಯೊಂದು ಎದ್ದಿತ್ತು. "ಸ್ವಲ್ಪ ಕಾಯಪ್ಪಾ, ಪಡುಗಾಳಿ ಬರ್ತಾ ಇದೆ" ಅಂದೆ. ಅವನು ಫೋನ್ ತೋರಿಸಿದ. "ಇಲ್ಲ ಅಂಕಲ್, ಸಂಜೆವರೆಗೂ ಎಂಟೇ ನಾಟ್." ನಾಟ್ ಅಂದರೆ ಗಾಳಿಯ ವೇಗದ ಅಳತೆ, ಒಂದು ನಾಟ್ ಗಂಟೆಗೆ ಸುಮಾರು 1.85 ಕಿಲೋಮೀಟರ್. ಕಡಲು ಕಣ್ಣೆದುರಿಗೇ ಇತ್ತು, ಅದರ ಕಡೆ ಒಮ್ಮೆಯೂ ತಿರುಗಲಿಲ್ಲ.

ಒಂದೂವರೆಗೆ ಗಾಳಿ ಅಳೆಯುವ ನನ್ನ ಕೈಮೀಟರ್ 15 ತೋರಿಸಿತು. ಏಳು ನಾಟ್ ತಾನೇ ಜಾಸ್ತಿ ಅನ್ನಬೇಡಿ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 8ರಿಂದ 15ಕ್ಕೆ ಹೋದರೆ ಮೂರೂವರೆ ಪಟ್ಟು. ದೋಣಿ ಎರಡು ಸಲ ಮಗುಚಿತು. ಮೀನುಗಾರರು ಇಬ್ಬರನ್ನೂ ಎಳೆದು ತಂದರು. ಕ್ಷೇಮವಾಗಿದ್ದಾರೆ. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಅಂಕಿ ತಪ್ಪಾಯಿತು ಅಂತಲ್ಲ. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲವಲ್ಲ, ಅದಕ್ಕೆ. ಫೋನಿನ ಹವಾಮಾನ ಆಪ್ ಗಾಳಿಯನ್ನು ಅಳೆಯುವುದಿಲ್ಲ. ಎಲ್ಲೋ ಒಂದು ದೊಡ್ಡ ಕಂಪ್ಯೂಟರ್ ಲೆಕ್ಕ ಹಾಕಿದ್ದನ್ನು ಬಣ್ಣ ಬಳಿದು ತೋರಿಸುತ್ತದೆ. ಇಂಥ ಲೆಕ್ಕಕ್ಕೆ ಮಾದರಿ ಅನ್ನುತ್ತಾರೆ. ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಮಾದರಿ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ, ಅಮೆರಿಕದ ಜಿಎಫ್ಎಸ್ ಸುಮಾರು 13 ಕಿಲೋಮೀಟರಿನವಾಗಿ. ಕಾಳಿ ನದಿಯ ಬಾಯಿ, ಸದಾಶಿವಗಡದ ಗುಡ್ಡ, ಬೈತಖೋಲ ಬಂದರು, ಅರ್ಧ ಕಡಲು ಎಲ್ಲ ಸೇರಿ ಒಂದೆರಡು ಚೌಕದೊಳಗೆ ಮುಗಿದುಹೋಗುತ್ತದೆ. ಗುಡ್ಡದ ಮರೆಯಲ್ಲಿ ಗಾಳಿ ಸಾಯುವುದು, ನದಿಯ ಕಣಿವೆಯಲ್ಲಿ ಒಮ್ಮೆಲೇ ನುಗ್ಗುವುದು ಅದಕ್ಕೆ ಹೇಗೆ ಕಾಣಬೇಕು? ಮಧ್ಯಾಹ್ನ ನೆಲ ಕಾದು ಕಡಲಿನಿಂದ ಗಾಳಿ ಎಳೆದುಕೊಳ್ಳುವುದಂತೂ ದಡದ ಪಟ್ಟಿಯಲ್ಲೇ ನಡೆಯುವ ಆಟ. ಇನ್ನೊಂದು, ಆ 8 ಅನ್ನುವುದು ನೆಲದಿಂದ 10 ಮೀಟರ್ ಎತ್ತರದ ಸರಾಸರಿ ಗಾಳಿ. ಬೀಸಿ ಹೊಡೆಯುವ ಗಸ್ಟ್ ಬೇರೆ ಸಾಲಿನಲ್ಲಿರುತ್ತದೆ. ದೋಣಿ ಮಗುಚುವುದು ಗಸ್ಟಿಗೆ, ಆ ಸಾಲನ್ನು ಎಷ್ಟು ಜನ ನೋಡುತ್ತಾರೆ?

"ಸೈಕ್ಲೋನ್ ಬಂದಾಗ ಇದೇ ಮುನ್ಸೂಚನೆ ಜೀವ ಉಳಿಸಿತು ಅಲ್ವಾ?" ಅಂತ ಗೆಳೆಯರೊಬ್ಬರು ನಿನ್ನೆ ರಾತ್ರಿ ವಾದಿಸಿದರು. ನಿಜ, 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿ ಪಕ್ಕದಲ್ಲೇ ಹಾದು ಗುಜರಾತಿಗೆ ಹೋದಾಗ ಮೊದಲೇ ಎಚ್ಚರಿಕೆ ಬಂದಿತ್ತು. ಆದರೆ ಅದು ನೂರಾರು ಕಿಲೋಮೀಟರಿನ ಬಿರುಗಾಳಿ. ಆನೆ ಕಾಣುವ ಕಣ್ಣಿಗೆ ಇರುವೆಯೂ ಕಾಣಬೇಕು ಅಂತ ಇದೆಯಾ? ಆ ವಾದ ನನಗೆ ಒಪ್ಪಿಗೆಯಿಲ್ಲ.

ನಿಮಗೆ ಹೇಳದ ಒಂದು ವಿಷಯ ಇದೆ. ಮೂರು ವರ್ಷದ ಹಿಂದೆ ಇದೇ ತಪ್ಪು ನಾನೇ ಮಾಡಿದ್ದೆ. ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಆವತ್ತು ಫೋನಿನಲ್ಲಿ 9 ಇತ್ತು. ಮಗುಚಿದ ದೋಣಿಯ ಸೆಂಟರ್‌ಬೋರ್ಡ್, ಅಂದರೆ ತಳದಿಂದ ನೀರಿಗಿಳಿಯುವ ಹಲಗೆ, ಹಿಡಿದುಕೊಂಡು ಅವನು ಅರ್ಧ ಗಂಟೆ ನೀರಿನಲ್ಲಿದ್ದ. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಒಂದು ಮಾತೂ ಆಡಲಿಲ್ಲ. ಅಕ್ಕನಿಗೆ ಪೂರ್ತಿ ಕಥೆ ಇವತ್ತಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ. ನಮ್ಮನ್ನು ಎತ್ತಿಕೊಂಡ ಮೀನುಗಾರ ಕೇಳಿದ್ದು ಒಂದೇ: "ಹೊರಗೆ ನೀರು ಕಪ್ಪಾಗಿತ್ತಲ್ಲ, ನೋಡಿಲ್ವಾ ಸಾರ್?"

ಮರುದಿನವೇ ಒಂದು ನೋಟ್‌ಬುಕ್ ತಂದೆ. ಹೋಗುವ ಹಿಂದಿನ ರಾತ್ರಿ ಎರಡು ಮೂರು ಮಾದರಿಗಳ ಅಂಕಿ ಬರೆಯುತ್ತೇನೆ. ಎಲ್ಲ ಒಂದೇ ಹೇಳಿದರೆ ಸ್ವಲ್ಪ ಧೈರ್ಯ. ಒಂದು 7, ಇನ್ನೊಂದು 13 ಅಂದರೆ 13ಕ್ಕೇ ತಯಾರಾಗುತ್ತೇನೆ. ಜಿಎಫ್ಎಸ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಪ್ರತಿ ಸಲ ಮಾತು ಬದಲಿಸುತ್ತಿದೆಯಾ ಅಂತ ನೋಡುತ್ತೇನೆ. ಬೆಳಿಗ್ಗೆ ದಡಕ್ಕೆ ಹೋದ ತಕ್ಷಣ ಮೀಟರ್ ಹಿಡಿಯುತ್ತೇನೆ. ಈಗಿನ ಗಾಳಿಯನ್ನೇ ಸರಿಯಾಗಿ ಹೇಳದ ಪಟ್ಟಿ ಮಧ್ಯಾಹ್ನದ್ದನ್ನು ಸರಿ ಹೇಳುತ್ತದೆ ಅಂತ ಹೇಗೆ ನಂಬಲಿ? ಮನೆಗೆ ಬಂದು ನಿಜವಾಗಿ ಎಷ್ಟಿತ್ತು ಅಂತ ಪಕ್ಕದಲ್ಲೇ ಬರೆಯುತ್ತೇನೆ. ಈ ಕೊನೆಯ ಕೆಲಸವನ್ನೇ ಯಾರೂ ಮಾಡುವುದಿಲ್ಲ. ಮುಂದಿನ ಏಳು ದಿನದ್ದು ಬಣ್ಣಬಣ್ಣವಾಗಿ ಕಾಣುತ್ತದೆ, ನಿನ್ನೆ ಏನು ಹೇಳಿತ್ತು ಅನ್ನುವುದನ್ನು ಎಲ್ಲರೂ ಮರೆತಿರುತ್ತಾರೆ. ಮರೆತರೆ ಯಾವ ಋತುವಿನಲ್ಲಿ, ಯಾವ ಗಾಳಿಗೆ ಎಷ್ಟು ನಂಬಬಹುದು ಅಂತ ಗೊತ್ತಾಗುವುದಾದರೂ ಹೇಗೆ?

ಆ ಹುಡುಗನ ಹೆಸರು ಕೇಳಲಿಲ್ಲ, ಬೈದು ಕಳಿಸಿಬಿಟ್ಟೆ. ಹಾಗೆ ಮಾಡಬಾರದಿತ್ತು. ಅವನ ಪರಿಚಯ ಇರುವವರು ಯಾರಾದರೂ ಇದನ್ನು ಅವನಿಗೆ ತೋರಿಸಿ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ದಡದಲ್ಲಿ ಇರುತ್ತೇನೆ. ನೋಟ್‌ಬುಕ್ ತರುತ್ತೇನೆ. ತಂಗಿಯನ್ನೂ ಕರೆದುಕೊಂಡು ಬರಲಿ.