ಮೂರು ಅಕ್ಷರದ ರಾಡಿ

ಪದಬಂಧದಲ್ಲಿ ಎಡದಿಂದ ಬಲಕ್ಕೆ ಸುಳಿವು ಹೀಗಿತ್ತು: ‘ಹುದುಲು ನೆಲ’, ಮೂರು ಅಕ್ಷರ, ಮೊದಲನೆಯದು ‘ಜ’. ‘ಜವಳು’ ಎಂದು ತುಂಬಿದೆ. ಮರುದಿನ ಉತ್ತರ ನೋಡಿದರೆ ‘ಜವುಗು’ ಎಂದು ಅಚ್ಚಾಗಿದೆ. ಪದಬಂಧ ಹೆಣೆಯುವವರು ಯಾವುದೋ ನಾಲ್ಕನೇ ಮಹಡಿಯಲ್ಲಿ, ಕಾಲಿಗೆ ಮಣ್ಣು ಹತ್ತದಂತೆ ಕುಳಿತಿರುತ್ತಾರೆ ಎಂಬ ನನ್ನ ಹಳೆಯ ಗುಮಾನಿ ಗಟ್ಟಿಯಾಯಿತು.

ಜವುಗು ಎಂದರೆ ಒಸರುವುದು, ಜಿನುಗುವುದು. ಒಪ್ಪಿದೆ, ಒಳ್ಳೆಯ ಪದವೇ. ಅದೇ ಮುಂದೆ ‘ಜೌಗು’ ಆಗಿ ಪಠ್ಯಪುಸ್ತಕ ಸೇರಿತು. ಆದರೆ ಜವಳು ತಪ್ಪು ಎನ್ನುವವರು ಒಮ್ಮೆ ನವಲಗುಂದ, ನರಗುಂದದ ಕಡೆ ಬಂದು ಹೋಗಲಿ. ಮಲಪ್ರಭೆಯ ಕಾಲುವೆ ನೀರು ಎರೆಹೊಲಕ್ಕೆ ಹರಿದು, ಬಸಿದು ಹೋಗಲು ದಾರಿಯಿಲ್ಲದೆ ನಿಂತು, ಅಡಿಯ ಉಪ್ಪು ಮೇಲೆದ್ದ ನೆಲಕ್ಕೆ ಇಲ್ಲಿಯ ರೈತರು ‘ಸವಳು–ಜವಳು’ ಎನ್ನುತ್ತಾರೆ. ಕಿಟೆಲರ ನಿಘಂಟು 1894ರಲ್ಲಿ ಬಂದಾಗ ಈ ಕಾಲುವೆಗಳೇ ಇರಲಿಲ್ಲ. ನಿಘಂಟಿಗೆ ಆ ರಿಯಾಯಿತಿ ಕೊಡಬಹುದು, ಪದಬಂಧದವರಿಗೆ ಯಾಕೆ ಕೊಡಬೇಕು?

ಈ ತಕರಾರನ್ನು ನನ್ನ ಸೋದರಮಾವನ ಮುಂದೆ ಒಯ್ದೆ. ಅವರು ನಿವೃತ್ತ ತಲಾಠಿ, ಊರಿನ ಜಮೀನಿನ ಲೆಕ್ಕ ಬರೆದವರು. ಅವರ ಪ್ರಕಾರ ಪಹಣಿಯಲ್ಲಿ ಇಲ್ಲದ ನೆಲ ಭೂಮಿಯ ಮೇಲೂ ಇಲ್ಲ. ಮಳೆ ನಂಬಿದ ಹೊಲ ಖುಷ್ಕಿ, ನೀರು ಕಟ್ಟುವ ಗದ್ದೆ ತರಿ, ತೋಟ ಬಾಗಾಯ್ತು, ಸಾಗುವಳಿಗೆ ಬಾರದೆ ಉಳಿದದ್ದೆಲ್ಲ ಖರಾಬು. “ಜವಳೂ ಇಲ್ಲ, ಜವುಗೂ ಇಲ್ಲ. ಯಾವ ಕಾಲಂನಲ್ಲಿ ಬರೆಯುತ್ತೀ?” ಎಂದು ನನ್ನನ್ನೇ ದಬಾಯಿಸಿದರು.

ಇದೇ ಮಾವ ಒಂದು ಮದುವೆಯನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. ನವಲಗುಂದದ ಆಚೆ ಒಂದು ಹಳ್ಳಿಗೆ ಬೀಗರ ದಿಬ್ಬಣ ಟ್ರ್ಯಾಕ್ಟರಿನಲ್ಲಿ ಹೊರಟಿತ್ತು. ಹಿಂದಿನ ರಾತ್ರಿ ಮಳೆ ಜಪ್ಪಿತ್ತು. ಹೊಲದ ದಾರಿಯಲ್ಲಿ ಗಾಲಿ ಅಚ್ಚಿನವರೆಗೆ ಹೂತಿತು. ಗಂಡಸರೆಲ್ಲ ಇಳಿದೆವು. ಎರೆಮಣ್ಣು ಚಪ್ಪಲಿಗೆ ಮೊದಲು ತೆಳ್ಳಗೆ ಹತ್ತುತ್ತದೆ. ಆಮೇಲೆ ಮಣ್ಣಿಗೆ ಮಣ್ಣು, ಅದಕ್ಕೆ ಹುಲ್ಲು, ಕಣಿಕೆಯ ಚೂರು. ಹತ್ತು ಹೆಜ್ಜೆಗೆ ಮನುಷ್ಯ ಗೇಣುದ್ದ ಬೆಳೆದು, ಹನ್ನೊಂದನೆಯದಕ್ಕೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಮುಂದೆ ಹೋಗಿರುತ್ತಾನೆ. ಮದುಮಗ ಮಾತ್ರ ಬಾಸಿಂಗ ಹಿಡಿದುಕೊಂಡು ಟ್ರ್ಯಾಲಿಯಲ್ಲೇ ಕುಳಿತಿದ್ದ. ಪಕ್ಕದ ಹೊಲದವನು ಎತ್ತು ಹೂಡಿಕೊಂಡು ಬಂದ. ಎಳೆಯಬೇಕಾದರೆ ತನ್ನ ಬದುವಿನ ಮೇಲೆ ಹಾಯಬೇಕು, ಬದು ಒಡೆದರೆ ಯಾರು ಕಟ್ಟಿಕೊಡುತ್ತಾರೆ ಎಂದು ನ್ಯಾಯವಾಗಿಯೇ ಕೇಳಿದ. ಎರಡು ನೂರು ರೂಪಾಯಿಗೆ ಮುಗಿಯುವ ಮಾತು. ಆದರೆ ಮಾವ ಧೋತರ ಮೇಲೆ ಕಟ್ಟಿ ಮುಂದೆ ಬಂದರು. “ಇದು ದಾರಿ, ದಾರಿ ಎಂದರೆ ಬಿ ಖರಾಬು, ಬಿ ಖರಾಬು ಎಂದರೆ ಸರಕಾರದ್ದು. ನಿನ್ನ ಬದು ಇಲ್ಲಿಗೆ ಹೇಗೆ ಬಂತು?” ಅವನು ಎತ್ತುಗಳ ಕೊರಳು ಬಿಚ್ಚಿದ. “ಹಾಗಾದರೆ ಸರಕಾರದ ಎತ್ತು ತರಿಸಿರಿ, ಸಾಹೇಬರೇ” ಎಂದು ಬೇವಿನ ಮರದ ಕೆಳಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಕುಳಿತ. ಅವನನ್ನು ಒಲಿಸುವ ಹೊತ್ತಿಗೆ ಅಕ್ಕಿಕಾಳು ಬೀಳುವ ವೇಳೆ ಮೀರಿತ್ತು. ಪುರೋಹಿತರು ಪಂಚಾಂಗ ತಿರುವಿ ಇನ್ನೊಂದು ಮುಹೂರ್ತ ಹುಡುಕಿದರು. ಮೊದಲಿನದಕ್ಕಿಂತ ಒಳ್ಳೆಯದು ಎಂದೂ ಹೇಳಿದರು, ಪುಣ್ಯಾತ್ಮರು. ಮಾವ ಇವತ್ತಿಗೂ ತಮ್ಮ ಪಾಯಿಂಟು ಸರಿ ಎನ್ನುತ್ತಾರೆ.

ಅವರ ‘ತರಿ’ ಕೂಡ ನಮ್ಮದಲ್ಲ. ಪಾರಸಿಯಲ್ಲಿ ‘ತರ್’ ಎಂದರೆ ಒದ್ದೆ, ‘ಖುಷ್ಕ್’ ಎಂದರೆ ಒಣ. 1971ರಲ್ಲಿ ಇಂಥ ಒದ್ದೆ ನೆಲಗಳನ್ನು ಉಳಿಸಲು ದೇಶಗಳು ಒಪ್ಪಂದ ಮಾಡಿಕೊಂಡ ರಾಮ್ಸರ್ ಪಟ್ಟಣ ಇರುವುದೂ ಇರಾನಿನಲ್ಲೇ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿದಾಗ ಕೆಲವರು ‘ಜೌಗು ಪ್ರದೇಶ’ ಎಂದು ಬರೆದರು, ಕೆಲವರು ‘ತರಿಭೂಮಿ’ ಎಂದರು. ಕೆರೆಯನ್ನು ಕೆರೆ ಎಂದರೆ ಯಾರ ಗಂಟು ಹೋಗುತ್ತಿತ್ತೋ ತಿಳಿಯದು.

ಚಳಿಗಾಲದಲ್ಲಿ ಮಾವನನ್ನು ಅಲ್ಲಿಗೆ ಕರೆದೊಯ್ದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬ ಕುಳಿತಿದ್ದವು. ಇವು ಸಂಜೆ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ ಎಂದೆ. “ಯಾರ ಹೊಲಕ್ಕೆ?” ಎಂದರು ಮಾವ. ಆಮೇಲೆ ಅಲ್ಲಿದ್ದ ಕಾವಲುಗಾರನನ್ನು ಕರೆದು, ಈ ಕೆರೆ ಎ ಖರಾಬೋ ಬಿ ಖರಾಬೋ ಎಂದು ವಿಚಾರಿಸತೊಡಗಿದರು. ಆ ಹುಡುಗ ಸ್ವಲ್ಪ ಹೊತ್ತು ಅವರ ಮುಖ ನೋಡಿ, ಕೊರಳಿನಿಂದ ದುರ್ಬೀನು ತೆಗೆದು ಅವರ ಕೈಗೆ ಕೊಟ್ಟ.